ಹಾವಿನ ಸಂತೆಯ ಕಾಣದ ಗಿರಾಕಿ

ಸರೀಸೃಪಗಳ ಕಳ್ಳಸಾಗಣೆಯ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಎರಡು ಪುಸ್ತಕಗಳನ್ನು ಈ ಮಳೆಗಾಲದಲ್ಲಿ ಒಂದರ ಹಿಂದೊಂದು ಓದಿದೆ. ಬ್ರಯಾನ್ ಕ್ರಿಸ್ಟಿಯವರ ‘ದಿ ಲಿಜರ್ಡ್ ಕಿಂಗ್’ 2008ರದ್ದು. ಜೆನ್ನಿ ಎರಿನ್ ಸ್ಮಿತ್ ಅವರ ‘ಸ್ಟೋಲನ್ ವರ್ಲ್ಡ್’ 2011ರದ್ದು. ಹೊಸವೇನಲ್ಲ. ಆದರೆ ನಮ್ಮ ವಿಮಾನ ನಿಲ್ದಾಣಗಳಲ್ಲಿ ಸೂಟ್‌ಕೇಸಿನಿಂದ ಹೆಬ್ಬಾವು ಹೊರಬಂದ ಸುದ್ದಿ ಆಗಾಗ ಬರುತ್ತಿರುವ ಈ ಹೊತ್ತಿನಲ್ಲಿ ಅವು ಹಳತಾಗಿವೆ ಅಂತಲೂ ಅನ್ನಿಸಲಿಲ್ಲ. ಎರಡೂ ನಿಜ ಘಟನೆಗಳ ಕಥನ. ಎರಡರ ಕೇಂದ್ರವೂ ಅಮೆರಿಕ. ಕೆಲವು ಹೆಸರುಗಳಂತೂ ಎರಡರಲ್ಲೂ ಬರುತ್ತವೆ. ಕಳ್ಳರ ಚಿತ್ರ ಎರಡರಲ್ಲೂ ಚೆನ್ನಾಗಿದೆ, ಕಳ್ಳರ ಹಿಂದೆ ಬಿದ್ದ ಅಧಿಕಾರಿಗಳ ಚಿತ್ರ ಮೊದಲನೆಯದರಲ್ಲಿ ಇನ್ನೂ ಚೆನ್ನಾಗಿದೆ. ಓದಿ ಮುಗಿಸಿದ ಮೇಲೆ ನನ್ನ ತಲೆಯಲ್ಲಿ ಉಳಿದವನು ಮಾತ್ರ ಮೂರನೆಯವನು: ತನ್ನ ಸಂಬಳದ ದುಡ್ಡು ಕೊಟ್ಟು ಹಾವನ್ನೋ ಆಮೆಯನ್ನೋ ಕೊಂಡು ಮನೆಗೆ ಒಯ್ಯುವ ಹವ್ಯಾಸಿ. ಈ ಇಡೀ ವ್ಯಾಪಾರ ನಿಂತಿರುವುದು ಅವನ ಮೇಲೆ. ಕಾನೂನಿನ ಬಿಸಿ ಕೊನೆಗೆ ತಟ್ಟುವುದೂ ಅವನಿಗೆ. ಎರಡು ಪುಸ್ತಕಗಳಲ್ಲೂ ಅವನಿಗೆ ಮುಖವಿಲ್ಲ.

ಅವನು ಸಿಗುವ ಜಾಗ ಸಂತೆ. ರೆಪ್ಟೈಲ್ ಶೋ, ಎಕ್ಸ್‌ಪೋ ಎಂದೆಲ್ಲ ಅದಕ್ಕೆ ಹೆಸರಿದ್ದರೂ ನೋಡಲಿಕ್ಕೆ ಅದು ಸಂತೆಯೇ. ದೊಡ್ಡ ಸಭಾಂಗಣ, ಸಾಲುಸಾಲು ಮೇಜು, ಮೇಜಿನ ಮೇಲೆ ನಮ್ಮಲ್ಲಿ ಹೋಟೆಲಿನವರು ಪಲ್ಯ ಕಟ್ಟಿಕೊಡುವಂಥ ಪ್ಲಾಸ್ಟಿಕ್ ಡಬ್ಬಿಗಳು. ಡಬ್ಬಿಗೆ ಗಾಳಿಯಾಡಲು ಸಣ್ಣ ತೂತು, ಒಳಗೆ ಸುರುಳಿ ಸುತ್ತಿದ ಮರಿ, ಮುಚ್ಚಳದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ಜಾತಿಯ ಹೆಸರು, ಗಂಡೋ ಹೆಣ್ಣೋ ಎಂಬ ಗುರುತು, ಬೆಲೆ. ಫ್ಲಾರಿಡದಲ್ಲಿ 1990ರಲ್ಲಿ ಒರ್ಲಾಂಡೊದಲ್ಲಿ ಶುರುವಾಗಿ ಆಮೇಲೆ ಡೇಟೋನಾ ಬೀಚಿಗೆ ಹೋದ ಸಂತೆ ದೊಡ್ಡದು. ಪೆನ್ಸಿಲ್ವೇನಿಯದ ಹ್ಯಾಂಬರ್ಗ್ ಎಂಬ ಪುಟ್ಟ ಊರಿನದು ಹಳ್ಳಿ ಸಂತೆಯಂಥದ್ದು. ಇವೆಲ್ಲಕ್ಕಿಂತ ದೊಡ್ಡದು ಜರ್ಮನಿಯ ಹಾಮ್ ನಗರದ್ದು. ವರ್ಷಕ್ಕೆ ನಾಲ್ಕು ಸಲ ನಡೆಯುವ ಅದಕ್ಕೆ ಯುರೋಪಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಮಾರುವವನು, ಕೊಳ್ಳುವವನು, ಇಬ್ಬರ ಮೇಲೂ ಕಣ್ಣಿಡಲು ಮಾರುವೇಷದಲ್ಲಿ ಬಂದ ಅಧಿಕಾರಿ, ಮೂವರೂ ತೊಡುವುದು ಅದೇ ಟಿ-ಶರ್ಟು, ಅದೇ ಜೀನ್ಸು. ಮೂವರೂ ಆಡುವುದು ಅದೇ ಮಾತು. ಹಾವಿನ ಬಗ್ಗೆ ನಿಜವಾದ ಪ್ರೀತಿ ಯಾರಿಗಿದೆ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಒಳಗಿನವರಿಗೂ ತಿಳಿಯದ ಹಾಗೆ ಆಗಿರುವುದೇ ಈ ಮೂವತ್ತು ವರ್ಷಗಳ ಕಥೆ.

ಮೊದಲು ಕ್ರಿಸ್ಟಿ. ಅವರು ಕಾನೂನು ಓದಿದವರು, ಚಿಕ್ಕಂದಿನಿಂದ ಹಾವುಹಲ್ಲಿಗಳ ಮೋಹವಿದ್ದವರು. ಈ ಎರಡೂ ಗುಣ ಪುಸ್ತಕಕ್ಕೆ ಒದಗಿ ಬಂದಿವೆ. ಕಥಾನಾಯಕ ಮೈಕ್ ವ್ಯಾನ್ ನೋಸ್ಟ್ರಾಂಡ್, ಫ್ಲಾರಿಡದ ಹಾಲಿವುಡ್ ಎಂಬ ಊರಿನಲ್ಲಿ ಸರೀಸೃಪಗಳ ಸಗಟು ವ್ಯಾಪಾರ ಮಾಡುವವನು. ಅವನ ಅಪ್ಪನೂ ಅದೇ ವ್ಯಾಪಾರದವನು, ಮಾದಕವಸ್ತುವಿನ ಸಾಗಣೆಯಲ್ಲೂ ಕೈಯಾಡಿಸಿದವನು. ಎದುರಿಗೆ ಮಯಾಮಿಯಲ್ಲಿದ್ದ ಫೆಡರಲ್ ವನ್ಯಜೀವಿ ಇಲಾಖೆಯ ಅಧಿಕಾರಿ ಚಿಪ್ ಬೆಪ್ಲರ್. ಒಬ್ಬ ಓಡುತ್ತಾನೆ, ಒಬ್ಬ ಅಟ್ಟಿಸಿಕೊಂಡು ಹೋಗುತ್ತಾನೆ. ಸಿನಿಮಾ ಮಾಡಲು ಹೇಳಿ ಬರೆಸಿದಂತಿದೆ ಎಂದು ಯಾರಾದರೂ ದೂರಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಬೆನ್ನಟ್ಟುವಿಕೆ ನಡೆಯುವುದು ಹೆಚ್ಚಾಗಿ ಕಾಗದದ ಮೇಲೆ, ಅಲ್ಲೇ ಈ ಪುಸ್ತಕದ ನಿಜವಾದ ಬೆಲೆ. ಯಾವ ದೇಶದ ಪರವಾನಗಿ, ಯಾವ ಜಾತಿಯ ಹೆಸರು ಬರೆದು ಯಾವುದನ್ನು ಒಳಗೆ ಬಿಟ್ಟರು, ಕಾನೂನುಬದ್ಧ ಸರಕಿನ ಅಡಿಯಲ್ಲಿ ಏನು ಬಂತು. ಆಮದು ದಾಖಲೆಗಳನ್ನು ಇಷ್ಟು ಕುತೂಹಲದಿಂದ ಓದುವಂತೆ ಮಾಡಿದ ಬೇರೆ ಪುಸ್ತಕ ನಾನು ಕಂಡಿಲ್ಲ. ನಮ್ಮಲ್ಲಿ ಬ್ಯಾಂಕು, ಆಡಿಟ್ಟು, ಸಾಫ್ಟ್‌ವೇರು ಎಂದು ದಿನವಿಡೀ ದಾಖಲೆಗಳ ಜೊತೆ ಬಾಳುವವರೇ ಹೆಚ್ಚಲ್ಲವೇ? ಅವರಿಗೆ ಈ ಭಾಗ ಹಿಡಿಸುತ್ತದೆ.

ಇದರ ಹಿಂದಿರುವ ಕಾನೂನನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎರಡೂ ಪುಸ್ತಕಗಳ ಕೀಲಿ ಅಲ್ಲಿದೆ. ಅಮೆರಿಕದ ಲೇಸಿ ಕಾಯ್ದೆ 1900ರದ್ದು. ಒಂದು ರಾಜ್ಯದ ಕಾನೂನು ಮುರಿದು ಬೇಟೆಯಾಡಿದ ಹಕ್ಕಿಯನ್ನು ಇನ್ನೊಂದು ರಾಜ್ಯಕ್ಕೆ ಒಯ್ದು ಮಾರುವುದನ್ನು ತಡೆಯಲು ಬಂದದ್ದು. ಕಾಲಕ್ರಮದಲ್ಲಿ ಅದು ಹೊರದೇಶದ ಕಾನೂನನ್ನೂ ಒಳಗೊಂಡಿತು. ಅಂದರೆ ಫಿಜಿಯಲ್ಲೋ ಮಡಗಾಸ್ಕರಿನಲ್ಲೋ ಅಲ್ಲಿನ ಕಾನೂನಿಗೆ ವಿರುದ್ಧವಾಗಿ ಹಿಡಿದ ಪ್ರಾಣಿಯನ್ನು, ಹಾಗೆ ಹಿಡಿದದ್ದೆಂದು ಗೊತ್ತಿದ್ದೂ ಅಮೆರಿಕದಲ್ಲಿ ಕೊಂಡರೆ ಅದು ಅಮೆರಿಕದಲ್ಲೇ ಅಪರಾಧ. ಗೊತ್ತಿತ್ತೋ, ಗೊತ್ತಿರಬೇಕಾಗಿತ್ತೋ, ಗೊತ್ತಾಗದಂತೆ ನೋಡಿಕೊಂಡನೋ: ವಕೀಲರ ವಾದವೆಲ್ಲ ಇದರ ಸುತ್ತ. ಹಾಗಾಗಿ ಸಂತೆಯ ಮೇಜಿನ ಎದುರು ನಿಂತು “ಇದು ಎಲ್ಲಿಯದು?” ಎಂದು ಕೇಳುವುದು ಕೂಡ ಒಂದು ಕಾನೂನಿನ ಪ್ರಶ್ನೆ. ಕೇಳಿದವನು ಮುಗ್ಧ ಗಿರಾಕಿಯೋ, ಸಾಕ್ಷ್ಯ ಕಟ್ಟುತ್ತಿರುವ ಅಧಿಕಾರಿಯೋ ಎಂಬುದು ಮಾರುವವನಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಆ ಪ್ರಶ್ನೆಯನ್ನು ಕೇಳುವವರೇ ಕಡಿಮೆಯಾದರು.

ಸ್ಮಿತ್ ಅವರ ಪುಸ್ತಕ ಇನ್ನೂ ಹಿಂದಿನಿಂದ ಶುರುವಾಗುತ್ತದೆ. ಅದರ ಮುಖ್ಯ ಪಾತ್ರ ಹ್ಯಾಂಕ್ ಮೋಲ್ಟ್, ಫಿಲಡೆಲ್ಫಿಯದವನು. ಮಾರಾಟದ ನೌಕರಿ ಬಿಟ್ಟು ಹಾವು ಮಾರಲು ನಿಂತವನು. ಫಿಜಿ, ನ್ಯೂಗಿನಿ, ಆಸ್ಟ್ರೇಲಿಯ ಎಂದು ಅಲೆದು ಯಾರೂ ಕಂಡಿರದ ಓತಿ, ಹಾವುಗಳನ್ನು ಹೊತ್ತು ತಂದವನು. ಅವನ ಗಿರಾಕಿಗಳು ಯಾರು? ಅಮೆರಿಕದ ಹೆಸರಾಂತ ಮೃಗಾಲಯಗಳು. ಸ್ಮಿತ್ ಇದನ್ನು ಗಂಟಲೆತ್ತಿ ಹೇಳುವುದಿಲ್ಲ, ಒಂದಾದ ಮೇಲೊಂದು ಪ್ರಸಂಗ ಇಡುತ್ತಾ ಹೋಗುತ್ತಾರೆ. ಗಾಜಿನ ಗೂಡಿನ ಮುಂದೆ ಸಂರಕ್ಷಣೆಯ ಫಲಕ ಹಾಕಿದವರೇ ಹಿಂಬಾಗಿಲಲ್ಲಿ ಮೋಲ್ಟನ ಪೆಟ್ಟಿಗೆ ಇಳಿಸಿಕೊಂಡದ್ದು ತಾನಾಗಿ ಕಾಣಿಸುತ್ತದೆ. 1970ರ ದಶಕದ ಕೊನೆಗೆ ಅವನ ಮೇಲೆ ಮೊಕದ್ದಮೆ ನಡೆದಾಗ ನ್ಯಾಯಾಲಯ ಎತ್ತಿದ ಪ್ರಶ್ನೆಯೂ ಸ್ವಾರಸ್ಯದ್ದು: ಫಿಜಿಯ ಯಾವ ಕಾನೂನನ್ನು ಮುರಿದನೆಂದು ಆರೋಪವೋ ಅದು ಪ್ರಾಣಿಗಳನ್ನು ಕಾಪಾಡಲು ಮಾಡಿದ್ದೋ ಅಥವಾ ಸುಂಕ ವಸೂಲಿಗೆ ಮಾಡಿದ್ದೋ? ಸುಂಕದ್ದು ಎಂದಾಯಿತು, ಆ ಆರೋಪಗಳು ಬಿದ್ದುಹೋದವು. 1981ರಲ್ಲಿ ಲೇಸಿ ಕಾಯ್ದೆಯನ್ನು ಬಿಗಿಗೊಳಿಸಿದರು.

ಸ್ಮಿತ್ ಬರೆಯುವ ರೀತಿ ನನಗೆ ಹೆಚ್ಚು ಇಷ್ಟವಾಯಿತು. ಮೋಲ್ಟನನ್ನು, ಅವನ ಫ್ಲಾರಿಡದ ಎದುರಾಳಿ ಟಾಮ್ ಕ್ರಚ್‌ಫೀಲ್ಡನನ್ನು ಅವರು ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ಅವರ ಸುಳ್ಳು, ಜಂಬ, ಒಬ್ಬರಿಗೊಬ್ಬರು ಬಗೆವ ದ್ರೋಹ ಎಲ್ಲವನ್ನೂ ನಗು ತಡೆದುಕೊಂಡು ಬರೆಯುತ್ತಾರೆ. ಇಷ್ಟು ತಣ್ಣಗಿನ ಹಾಸ್ಯಕ್ಕೆ ಒಂದು ಬೆಲೆಯಿದೆ. ಪುಸ್ತಕದಲ್ಲಿ ಬರುವ ಪ್ರತಿಯೊಬ್ಬನೂ ಅರ್ಧ ಹುಚ್ಚ, ಅರ್ಧ ಠಕ್ಕ ಅನ್ನಿಸಿಬಿಡುತ್ತಾನೆ. ಹಾವು ಸಾಕುವವರೆಂದರೆ ಇಷ್ಟೇ ಎಂದು ಓದುಗ ಪುಸ್ತಕ ಮುಚ್ಚಿದರೆ ಅದಕ್ಕೆ ಲೇಖಕಿಯೂ ಹೊಣೆ. ಕ್ರಿಸ್ಟಿಯವರದ್ದು ಬೇರೆ ತೊಂದರೆ. ಅಲ್ಲಿ ಅಧಿಕಾರಿಯ ಹಟವೇ ನೀತಿ. ಕಳ್ಳ ಸಿಕ್ಕಿಬಿದ್ದರೆ ಕಥೆ ಮುಗಿಯಿತು. ಸಿಕ್ಕಿಬಿದ್ದ ಮೇಲೆ ಆ ಡಬ್ಬಿಗಳಲ್ಲಿದ್ದ ಪ್ರಾಣಿಗಳ ಗತಿ ಏನು, ಆ ಮೇಜಿನ ಎದುರು ನಿಂತಿದ್ದ ಇನ್ನೂರು ಜನ ಆಮೇಲೆ ಏನು ಮಾಡಿದರು?

ಇದನ್ನು ನೋಡಲು ಪುಸ್ತಕಗಳ ಹೊರಗೆ ಬರಬೇಕು. 1996ರ ಮೇ ತಿಂಗಳಲ್ಲಿ ಮಡಗಾಸ್ಕರಿನ ಆಂಪಿಜೊರೊವಾ ಎಂಬಲ್ಲಿನ ಸಂತಾನಾಭಿವೃದ್ಧಿ ಕೇಂದ್ರದಿಂದ ಆಂಗೊನೊಕ ಎಂಬ ಅತಿ ವಿರಳ ಆಮೆಯ ಎಪ್ಪತ್ತಕ್ಕೂ ಹೆಚ್ಚು ಮರಿಗಳು ಕಳವಾದವು. ಅದೇ ಆಗಸ್ಟಿನಲ್ಲಿ, ಸಂತೆಯ ಹೊತ್ತಿಗೆ, ಮಡಗಾಸ್ಕರಿನದೇ ಬೇರೆ ಆಮೆ ಮತ್ತು ಮರಹಾವುಗಳನ್ನು ಅಮೆರಿಕಕ್ಕೆ ಸಾಗಿಸಿದ ಜಾಲಕ್ಕೆ ಸೇರಿದ ಜರ್ಮನ್ ಒಬ್ಬನನ್ನು ಫೆಡರಲ್ ಅಧಿಕಾರಿಗಳು ಒರ್ಲಾಂಡೊದಲ್ಲಿ ಬಂಧಿಸಿದರು. ಎರಡು ವರ್ಷದ ಮೇಲೆ, 1998ರ ಸೆಪ್ಟೆಂಬರಿನಲ್ಲಿ, ಪೆನಾಂಗಿನ ಆನ್ಸನ್ ವಾಂಗ್ ಎಂಬ ದೊಡ್ಡ ಕುಳವನ್ನು ಮೆಕ್ಸಿಕೊ ಸಿಟಿಗೆ ಕರೆಸಿಕೊಂಡು ಹಿಡಿದರು. ಅದಕ್ಕೆಂದೇ ಅಧಿಕಾರಿಗಳು ಒಂದು ಸುಳ್ಳು ಕಂಪನಿ ತೆರೆದು ಕೆಲವು ವರ್ಷ ಅವನೊಡನೆ ವ್ಯಾಪಾರ ನಡೆಸಿದ್ದರು. 71 ತಿಂಗಳ ಶಿಕ್ಷೆಯಾಯಿತು. 2010ರಲ್ಲಿ ಅದೇ ವಾಂಗ್ ಕೌಲಾಲಂಪುರದ ವಿಮಾನ ನಿಲ್ದಾಣದಲ್ಲಿ 95 ಬೋವಾ ಹಾವುಗಳಿದ್ದ ಸೂಟ್‌ಕೇಸಿನೊಂದಿಗೆ ಮತ್ತೆ ಸಿಕ್ಕಿಬಿದ್ದ. ಕ್ರಿಸ್ಟಿಯವರ ಪುಸ್ತಕದ ಮಾದರಿಯಲ್ಲಿ, ಕಳ್ಳ ಸಿಕ್ಕಿದಲ್ಲಿಗೆ ಕಥೆ ನಿಲ್ಲಿಸುವುದು ಯಾಕೆ ಸಾಲದು ಎಂಬುದಕ್ಕೆ ಈ ಹನ್ನೆರಡು ವರ್ಷದ ಅಂತರಕ್ಕಿಂತ ಬೇರೆ ಪುರಾವೆ ಬೇಡ.

ಈ ದೊಡ್ಡ ಮೀನುಗಳ ಬೇಟೆ ಒಂದು ಕಡೆ. ಸಂತೆಯ ಸಾಮಾನ್ಯ ಹವ್ಯಾಸಿಯನ್ನು ನೇರ ಮುಟ್ಟಿದ್ದು 2009ರಲ್ಲಿ ನ್ಯೂಯಾರ್ಕ್ ರಾಜ್ಯದ ಪರಿಸರ ಇಲಾಖೆ ಬಹಿರಂಗಪಡಿಸಿದ ‘ಆಪರೇಷನ್ ಶೆಲ್‌ಶಾಕ್’. ಅಧಿಕಾರಿಗಳು ಸುಮಾರು ಎರಡು ವರ್ಷ ಹವ್ಯಾಸಿಗಳ ವೇಷದಲ್ಲಿ ಸಂತೆಗಳಿಗೆ ಹೋದರು, ಮೇಜಿನ ಅಡಿಯ ವ್ಯವಹಾರಕ್ಕೆ ಇಳಿದರು. 2,400ಕ್ಕೂ ಹೆಚ್ಚು ಆಮೆ, ಹಾವು, ಸಾಲಮಾಂಡರುಗಳ ಲೆಕ್ಕ ಹೊರಬಂತು. ಇವು ಮಡಗಾಸ್ಕರಿನಿಂದ ಬಂದವಲ್ಲ. ನ್ಯೂಯಾರ್ಕಿನದೇ ಕಾಡು, ಕೆರೆಯಿಂದ ಎತ್ತಿದ ಸ್ಥಳೀಯ ಪ್ರಾಣಿಗಳು. ಕಾಡಿನ ಗಿಲಕಿ ಹಾವಿನ ಹೆಣ್ಣು ಮೊದಲ ಮರಿ ಹಾಕಲು ಏಳೆಂಟು ವರ್ಷ ಬೇಕು, ಆಮೇಲೂ ಪ್ರತಿವರ್ಷ ಹಾಕುವುದಿಲ್ಲ. ಒಂದು ಗುಡ್ಡದ ಬಂಡೆಸೀಳಿನಲ್ಲಿ ಚಳಿಗಾಲ ಕಳೆಯುವ ಹಾವುಗಳಲ್ಲಿ ನಾಲ್ಕು ಹೆಣ್ಣನ್ನು ಎತ್ತಿದರೆ ಆ ಗುಡ್ಡ ಬರಿದಾಗುವ ದಾರಿ ಹಿಡಿಯಿತೆಂದೇ ಅರ್ಥ. ಆದ್ದರಿಂದ ಈ ಕಾರ್ಯಾಚರಣೆ ಬೇಡವಾಗಿತ್ತು ಎಂದು ನಾನು ಹೇಳಲಾರೆ. 2013ರಲ್ಲಿ ಫ್ಲಾರಿಡದ ಇಬ್ಬರು ವ್ಯಾಪಾರಿಗಳು ಇದೇ ಜಾತಿಯ ಹಾವಿನ ಪ್ರಕರಣದಲ್ಲಿ ಫಿಲಡೆಲ್ಫಿಯದ ನ್ಯಾಯಾಲಯದಲ್ಲಿ ತಪ್ಪಿತಸ್ಥರಾದರು. ಅವರಲ್ಲೊಬ್ಬ ಟಿವಿ ಸರಣಿಯಲ್ಲಿ ಹಾವು ಹಿಡಿದು ತೋರಿಸಿ ಜನಪ್ರಿಯನಾಗಿದ್ದವನು.

ಹಾಗಿದ್ದರೆ ಹವ್ಯಾಸಿಗೆ ಆದದ್ದೇನು? ಅವನು ಎರಡು ಪಾಠ ಕಲಿತ. ಮೊದಲನೆಯದು, ಹೊಸಬರೊಡನೆ ಬಾಯಿ ಬಿಡಬೇಡ. ಯಾವ ಹೊಳೆಯ ದಂಡೆಯಲ್ಲಿ ಯಾವ ಆಮೆ ಕಂಡೆ, ಯಾವ ತಿಂಗಳಲ್ಲಿ ಮೊಟ್ಟೆಯಿಟ್ಟಿತು, ಎಷ್ಟು ಶಾಖದಲ್ಲಿ ಮರಿಯಾಯಿತು ಎಂಬಂಥ ಟಿಪ್ಪಣಿಗಳನ್ನು ಹಿಂದಿನ ತಲೆಮಾರಿನ ಹವ್ಯಾಸಿಗಳು ಬರೆದಿಡುತ್ತಿದ್ದರು, ವಿಜ್ಞಾನಿಗಳ ಜೊತೆ ಹಂಚಿಕೊಳ್ಳುತ್ತಿದ್ದರು. ಈಗ ಜಾಗದ ಹೆಸರು ಹೇಳಿದರೆ ಒಂದೋ ಕಳ್ಳ ಬರುತ್ತಾನೆ, ಇಲ್ಲವೇ ಪೊಲೀಸ್ ಬರುತ್ತಾನೆ. ಎರಡನೆಯ ಪಾಠ, ಕಾಡಿಗೆ ಸಂಬಂಧವೇ ಇಲ್ಲದ ಪ್ರಾಣಿಯನ್ನು ಸಾಕು. ಪಶ್ಚಿಮ ಆಫ್ರಿಕದ ಬಾಲ್ ಪೈಥಾನ್, ಅಫ್ಘಾನಿಸ್ತಾನ-ಪಾಕಿಸ್ತಾನದ ಕಡೆಯ ಚಿರತೆಹಲ್ಲಿ, ಆಸ್ಟ್ರೇಲಿಯದ ಗಡ್ಡದ ಓತಿ: ಇವುಗಳಿಗೆ ಸಾಕಿದಲ್ಲೇ ಹುಟ್ಟಿದವು ಎಂಬ ರಕ್ಷೆಯಿದೆ. ತಳಿಗೆ ತಳಿ ಕೂಡಿಸಿ ಬಣ್ಣ ಬಣ್ಣದ ಮರಿ ತೆಗೆಯುವುದೇ ಹವ್ಯಾಸವಾಯಿತು. ಬಿಳಿ, ಹಳದಿ, ಪಟ್ಟೆ, ಪಟ್ಟೆಯಿಲ್ಲದ್ದು. ‘ಸ್ಪೈಡರ್’ ಎಂಬ ಬಣ್ಣದ ಬಾಲ್ ಪೈಥಾನಿಗೆ ತಲೆ ನೆಟ್ಟಗೆ ನಿಲ್ಲದೆ ಓಲಾಡುವ ನರದೋಷ ವಂಶದಲ್ಲೇ ಅಂಟಿಕೊಂಡಿದೆ. ಆದರೂ ಅದು ಮಾರಾಟವಾಗುತ್ತದೆ. ಕಾನೂನಿನ ಕಣ್ಣಲ್ಲಿ ಅದು ನಿಷ್ಕಳಂಕ ಪ್ರಾಣಿ.

ಈ ನಿಷ್ಕಳಂಕತೆಯ ಒಳಗೂ ಒಂದು ತಮಾಷೆಯಿದೆ. ಆಸ್ಟ್ರೇಲಿಯ ತನ್ನ ಕಾಡುಪ್ರಾಣಿಗಳ ವಾಣಿಜ್ಯ ರಫ್ತನ್ನು ಹಲವು ದಶಕಗಳಿಂದ ಬಿಟ್ಟಿಲ್ಲ. ಹಾಗಿದ್ದಮೇಲೆ ಜಗತ್ತಿನ ಪೆಟ್ ಅಂಗಡಿಗಳಲ್ಲಿರುವ ಗಡ್ಡದ ಓತಿಗಳ ಮುತ್ತಜ್ಜ ಮುತ್ತಜ್ಜಿಯರು ಎಲ್ಲಿಂದ ಬಂದರು? ಯಾರದೋ ಪೆಟ್ಟಿಗೆಯಲ್ಲಿ ಕದ್ದು ಬಂದರು. ನಾಲ್ಕು ತಲೆಮಾರು ಕಳೆದರೆ ಕಳ್ಳಮಾಲು ಕುಲೀನವಾಗುತ್ತದೆ. ಇಂಡೊನೇಷ್ಯದಿಂದ ಸಾಕಣೆಯ ಮರಿಗಳೆಂಬ ಹೆಸರಿನಲ್ಲಿ ರಫ್ತಾಗುತ್ತಿದ್ದ ಹಸಿರು ಹೆಬ್ಬಾವುಗಳಲ್ಲಿ ಕನಿಷ್ಠ ಶೇಕಡಾ 80ರಷ್ಟು ಕಾಡಿನಲ್ಲಿ ಹಿಡಿದವು ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಂದರೆ ಕಾನೂನು ಕೇಳಿದ್ದು ಕಾಗದ, ವ್ಯಾಪಾರ ಒದಗಿಸಿದ್ದೂ ಕಾಗದ. ಸಂತೆಯಲ್ಲಿ ಪ್ರಾಮಾಣಿಕವಾಗಿ ನಿಂತ ಹವ್ಯಾಸಿಗೆ ಹಸಿರು ಹೆಬ್ಬಾವಿನ ಮರಿಯ ಪಕ್ಕದಲ್ಲಿ ಅದರ ಪರವಾನಗಿಯೂ ಕಾಣುತ್ತದೆ. ಇನ್ನೇನು ನೋಡಬೇಕು ಅವನು? ಇದನ್ನು ಕ್ರಿಸ್ಟಿ ಆಮದುದಾರನ ಕಡೆಯಿಂದ ಚೆನ್ನಾಗಿ ಬರೆದಿದ್ದಾರೆ, ಗಿರಾಕಿಯ ಕಡೆಯಿಂದ ಒಂದು ಪುಟವಾದರೂ ಬರೆಯಬೇಕಿತ್ತು.

ಊರು ಬಿಟ್ಟು ಊರಿಗೆ ವರ್ಗವಾಗಿ ಹೋಗುವ ನಮ್ಮಂಥವರಿಗೆ ಕೂಡಲೇ ಅರ್ಥವಾಗುವ ಇನ್ನೊಂದು ಸಂಗತಿಯಿದೆ. ಫ್ಲಾರಿಡದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬರ್ಮಾ ಹೆಬ್ಬಾವು ಬೆಳೆದು ಅಲ್ಲಿನ ಸಣ್ಣಪುಟ್ಟ ಪ್ರಾಣಿಗಳನ್ನೆಲ್ಲ ನುಂಗುತ್ತಿದೆ. ಅದು ಸಾಕಿದವರ ಗೂಡಿನಿಂದಲೇ ತಪ್ಪಿಸಿಕೊಂಡ ಇಲ್ಲವೇ ಬಿಟ್ಟುಬಂದ ಹಾವಿನ ಸಂತಾನ. 2012ರಲ್ಲಿ ಫೆಡರಲ್ ಸರ್ಕಾರ ಬರ್ಮಾ ಹೆಬ್ಬಾವು ಸೇರಿ ನಾಲ್ಕು ಜಾತಿಗಳನ್ನು, 2015ರಲ್ಲಿ ಇನ್ನೂ ನಾಲ್ಕನ್ನು ಹಾನಿಕರ ಎಂದು ಪಟ್ಟಿ ಮಾಡಿತು. ಸಾಕಬಹುದಿತ್ತು, ಆದರೆ ರಾಜ್ಯದ ಗಡಿ ದಾಟಿಸುವಂತಿರಲಿಲ್ಲ. ದಾಟಿಸಿದರೆ ಅದೇ ಲೇಸಿ ಕಾಯ್ದೆಯಡಿ ಫೆಡರಲ್ ಅಪರಾಧವಾಗಿತ್ತು. ಹದಿನೈದು ವರ್ಷ ಸಾಕಿದ ಹಾವಿರುವವನಿಗೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕರೆ? ಕೆಲಸ ಬಿಡಬೇಕಿತ್ತು, ಇಲ್ಲವೇ ಹಾವು ಬಿಡಬೇಕಿತ್ತು. ಚಳಿಯ ಉತ್ತರದ ರಾಜ್ಯಗಳ ನಡುವೆಯೂ ಇದೇ ನಿಯಮವಿತ್ತು. ಅಲ್ಲಿನ ಮೊದಲ ಹಿಮಕ್ಕೇ ಬರ್ಮಾ ಹೆಬ್ಬಾವು ಸತ್ತುಹೋಗುತ್ತದೆ ಎಂಬುದು ಸಾಕುವವರ ವಾದ. ಅವರ ಸಂಘಟನೆ ಮೊಕದ್ದಮೆ ಹೂಡಿತು. 2017ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ, ಕಾಯ್ದೆಯ ಮಾತು ಭೂಖಂಡದ ರಾಜ್ಯಗಳ ನಡುವಿನ ಸಾಗಣೆಗೆ ಅನ್ವಯಿಸುವುದೇ ಇಲ್ಲ ಎಂದು ತೀರ್ಪು ಕೊಟ್ಟಿತು. ಪುಣೆಯಲ್ಲಿ ನನ್ನ ಸಹೋದ್ಯೋಗಿಯೊಬ್ಬ ಇಗ್ವಾನ ಸಾಕಿದ್ದ. ಹೈದರಾಬಾದಿಗೆ ಹೋಗಬೇಕಾಗಿ ಬಂದಾಗ ಅದನ್ನು ರೈಲಿನಲ್ಲಿ ಒಯ್ಯಬಹುದೇ, ಬಸ್ಸಿನಲ್ಲಿ ಒಯ್ಯಬಹುದೇ, ಯಾರನ್ನು ಕೇಳಬೇಕು ಎಂದು ವಾರಗಟ್ಟಲೆ ಒದ್ದಾಡಿದ್ದು ಈ ತೀರ್ಪು ಓದುವಾಗ ನೆನಪಾಯಿತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತೇವೆ. 2023ರ ಜುಲೈಯಲ್ಲಿ ಫ್ಲಾರಿಡದ ವನ್ಯಜೀವಿ ಅಧಿಕಾರಿಗಳು ಖಾಸಗಿ ಜಾಗವೊಂದರಲ್ಲಿ ಇಟ್ಟಿದ್ದ, ಆ ರಾಜ್ಯದಲ್ಲಿ ಈಗ ನಿಷಿದ್ಧವಾದ ಮೂವತ್ತಕ್ಕೂ ಹೆಚ್ಚು ಹೆಬ್ಬಾವುಗಳನ್ನು ಅಲ್ಲೇ ಕೊಂದರು. ಜೊತೆಗೆ, ತಪ್ಪಿ, ಕಾನೂನುಬದ್ಧವಾಗಿ ಸಾಕಿದ್ದ ಇನ್ನೊಬ್ಬರ ಬೋವಾ ಹಾವನ್ನೂ ಕೊಂದರು. ಅದು ಗಬ್ಬವಾಗಿತ್ತು. ಪ್ರಾಣಿಯನ್ನು ಉಳಿಸಲು ಹುಟ್ಟಿದ ಇಲಾಖೆಯ ಕೈಗೆ ಪ್ರಾಣಿ ಸಿಕ್ಕಾಗ ಏನಾಗುತ್ತದೆ ಎಂಬುದನ್ನು ಬರೆಯುವ ಕ್ರಿಸ್ಟಿ ಇನ್ನೂ ಹುಟ್ಟಬೇಕಾಗಿದೆ.

ಇಷ್ಟೆಲ್ಲ ಹೇಳಿದ ಮೇಲೆ, ಕಾನೂನನ್ನೇ ತೆಗೆದುಬಿಡಿ ಎಂಬ ಸಂತೆಯವರ ಕೂಗಿಗೆ ನಾನು ದನಿ ಕೂಡಿಸುತ್ತೇನೆ ಅಂದುಕೊಳ್ಳಬೇಡಿ. ಕಾನೂನು ಸಡಿಲವಿದ್ದರೆ ಹೇಗಿರುತ್ತದೆಂದು ನೋಡಲು ಹಾಮ್‌ಗೆ ಹೋದರೆ ಸಾಕು. ಯುರೋಪಿನಲ್ಲಿ ಲೇಸಿಯಂಥ ಕಾಯ್ದೆಯಿಲ್ಲದ ಕಾಲದುದ್ದಕ್ಕೂ, ಮೂಲದೇಶದಲ್ಲಿ ಹಿಡಿಯುವುದು ಅಪರಾಧವಾಗಿದ್ದ ಪ್ರಾಣಿಯನ್ನು ಅಲ್ಲಿ ಮೇಜಿನ ಮೇಲಿಟ್ಟು ಮಾರಬಹುದಾಗಿತ್ತು. ಅಂತರರಾಷ್ಟ್ರೀಯ ಸೈಟಿಸ್ ಪಟ್ಟಿಯಲ್ಲಿ ಅದರ ಹ���ಸರಿಲ್ಲದಿದ್ದರೆ ಸರಿ. ವಿಯೆಟ್ನಾಮಿನ ಹೊನ್ ಖ್ವಾಯ್ ಎಂಬ ಸಣ್ಣ ದ್ವೀಪದ, ಕಿತ್ತಳೆ-ನೀಲಿ ಬಣ್ಣದ ಹಲ್ಲಿಯನ್ನು ವಿಜ್ಞಾನಿಗಳು 2010ರಲ್ಲಿ ಮೊದಲ ಸಲ ವರ್ಣಿಸಿದರು. ಕೆಲವೇ ವರ್ಷಗಳಲ್ಲಿ ಅದು ಯುರೋಪಿನ ಮಾರುಕಟ್ಟೆಯಲ್ಲಿತ್ತು. 2016ರಲ್ಲಿ ಸೈಟಿಸ್ ಅದನ್ನು ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಬೇಕಾಯಿತು. ಬೋರ್ನಿಯೊದ ಕಿವಿಯಿಲ್ಲದ ಉಡದ ಕಥೆಯೂ ಇದೇ. ಶ್ರೀಲಂಕಾದ ಕೊಂಬಿನ ಓತಿಗಳದ್ದೂ ಇದೇ. ತನ್ನ ಕಾಡಿನಲ್ಲಿ ಕಾನೂನಿನ ರಕ್ಷಣೆ ಕೊಟ್ಟಿದ್ದರೂ ಯುರೋಪಿನಲ್ಲಿ ಮಾರಾಟ ನಿಲ್ಲದ್ದರಿಂದ ಆ ದೇಶ 2019ರಲ್ಲಿ ಜಿನೀವಾಕ್ಕೆ ಹೋಗಿ ಅವುಗಳನ್ನು ಪಟ್ಟಿಗೆ ಸೇರಿಸಿಕೊಂಡು ಬಂತು. ಹಾಮ್‌ನ ಹವ್ಯಾಸಿಗೆ ಯಾವ ಅಧಿಕಾರಿಯ ಭಯವೂ ಇರಲಿಲ್ಲ. ಅವನು ಮುಕ್ತವಾಗಿ ಕೇಳಬಹುದಿತ್ತು, “ಇದು ಎಲ್ಲಿಯದು?” ಕೇಳಿದನೇ? ಕೇಳಿದವರೂ ಕೊಂಡರು.

ವರ್ಣಿಸಿದ ಕೂಡಲೇ ಮಾರುಕಟ್ಟೆಗೆ ಬರುವ ಈ ಕಾಯಿಲೆಗೆ ವಿಜ್ಞಾನಿಗಳೂ ಹೆದರಿದ್ದಾರೆ. 1999ರಲ್ಲಿ ಹೆಸರು ಪಡೆದ ಚೀನಾದ ಗುಹೆಹಲ್ಲಿಯೊಂದು ಮೊದಲು ಸಿಕ್ಕ ಜಾಗದಿಂದ ಪೂರ್ತಿ ಖಾಲಿಯಾಯಿತು. ಸಂಶೋಧನಾ ಲೇಖನದಲ್ಲಿದ್ದ ಸ್ಥಳದ ವಿವರವೇ ಹಿಡಿಯುವವರಿಗೆ ನಕ್ಷೆಯಾಯಿತು. ಆಮೇಲೆ ಕೆಲವು ವಿಜ್ಞಾನಿಗಳು ಹೊಸ ಜಾತಿ ಸಿಕ್ಕಿದ ಜಾಗವನ್ನೇ ಬರೆಯದೆ ಬಿಡುವ ರೂಢಿ ಮಾಡಿಕೊಂಡರು.

ಇಲ್ಲಿಗೆ ಬಂದಾಗ ನಮ್ಮಲ್ಲಿ ಹೆಚ್ಚಿನವರಿಗೆ ತೇಜಸ್ವಿಯವರ ‘ಕರ್ವಾಲೊ’ ನೆನಪಾಗದೆ ಇರದು. ಅಲ್ಲೂ ಒಬ್ಬ ವಿಜ್ಞಾನಿ, ಒಂದು ಹಾರುವ ಓತಿ, ಅದನ್ನು ಹುಡುಕಿ ಹೊರಟ ತಂಡ. ಆದರೆ ಅಮೆರಿಕದ ಈ ಎರಡು ಪುಸ್ತಕಗಳಲ್ಲಿ ಇಲ್ಲದ್ದೊಂದು ಅಲ್ಲಿದೆ: ಮಂದಣ್ಣ. ಓತಿಯನ್ನು ಮೊದಲು ಕಂಡವನು ಅವನು. ಜೇನು, ಹುಳುಹುಪ್ಪಟೆ, ಕಾಡಿನ ಮೂಲೆಮೂಲೆ ಅವನಿಗೆ ಗೊತ್ತು. ಡಿಗ್ರಿಯಿಲ್ಲ. ಅವನೂ ಕಾನೂನಿಗೆ ಸಿಕ್ಕಿಬೀಳುತ್ತಾನೆ, ಕಳ್ಳಭಟ್ಟಿಯ ಕೇಸಿನಲ್ಲಿ. ಅವನನ್ನು ಬಿಡಿಸಲು ಕರ್ವಾಲೊ ಪಡುವ ಪಾಡನ್ನು ನಾವು ನಗುತ್ತ ಓದಿದ್ದೇವೆ. ಅವನ ಕಣ್ಣು ಒಳಗೆ ಕುಳಿತರೆ ಓತಿಯ ದಾರಿಯೂ ಮುಚ್ಚಿತು ಎಂಬುದು ಆ ವಿಜ್ಞಾನಿಗೆ ಗೊತ್ತಿತ್ತು. ಸಂತೆಯ ಹವ್ಯಾಸಿ ಮಂದಣ್ಣನಷ್ಟು ಮುಗ್ಧನಲ್ಲ, ಅವನು ದುಡ್ಡು ಕೊಟ್ಟು ಕೊಳ್ಳುವವನು, ಕೊಳ್ಳುವವನಿದ್ದಾನೆಂದೇ ಹಿಡಿಯುವವನೂ ಇದ್ದಾನೆ. ಆದರೂ ಪ್ರಾಣಿಯನ್ನು ಗಂಟೆಗಟ್ಟಲೆ ಸುಮ್ಮನೆ ನೋಡುವ ಆ ಕಣ್ಣು ಇಬ್ಬರಲ್ಲೂ ಒಂದೇ. ಸ್ಮಿತ್ ಆ ಕಣ್ಣನ್ನು ಮೋಲ್ಟನಲ್ಲಿ ಒಂದೆರಡು ಕಡೆ ಹಿಡಿಯುತ್ತಾರೆ. ಮೇಜಿನಾಚೆಯ ಸಾಮಾನ್ಯನಲ್ಲಿ ಹುಡುಕುವುದಿಲ್ಲ. ತೇಜಸ್ವಿಯವರ ಓತಿ ಕೊನೆಗೆ ಯಾರ ಕೈಗೂ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಈ ಎರಡು ಪುಸ್ತಕಗಳ ಓತಿಗಳು ಒಂದೋ ಕಳ್ಳನ ಡಬ್ಬಿಯಲ್ಲಿ, ಇಲ್ಲವೇ ಸರ್ಕಾರದ ಡಬ್ಬಿಯಲ್ಲಿ.

ಭಾರತದಲ್ಲಿ ಇಂಥ ಸಂತೆಗಳಿಲ್ಲ. 1972ರ ವನ್ಯಜೀವಿ ಕಾಯ್ದೆ ನಮ್ಮ ನೆಲದ ಹಾವು, ಆಮೆಗಳನ್ನು ಸಾಕಲು ಬಿಡುವುದಿಲ್ಲ. ಆದರೆ ನಕ್ಷತ್ರ ಆಮೆ ಅದೃಷ್ಟ ತರುತ್ತದೆಂದು ಸಾಕುವ ಮನೆಗಳಿವೆ. ನಮ್ಮಲ್ಲಿನ ಒಂದೇ ಸಂಗ್ರಹ ಕೇಂದ್ರದ ಮೂಲಕ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಕಾಡಿನಿಂದ ಹೋಗುತ್ತಿದ್ದವೆಂದು 2015ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಶ್ರೀಲಂಕಾದ ಓತಿಗಳು ಪಟ್ಟಿ ಸೇರಿದ ಜಿನೀವಾ ಸಭೆಯಲ್ಲೇ ಈ ಆಮೆಯೂ ಅತಿ ಕಟ್ಟುನಿಟ್ಟಿನ ಪಟ್ಟಿ ಸೇರಿತು. ಹೊರದೇಶದ ಪ್ರಾಣಿಗಳ ಕಥೆ ಬೇರೆ. 2020ರಲ್ಲಿ ಕೇಂದ್ರ ಸರ್ಕಾರ, ನಿಮ್ಮಲ್ಲಿರುವ ವಿದೇಶಿ ಪ್ರಾಣಿಯನ್ನು ಆರು ತಿಂಗಳೊಳಗೆ ನೀವಾಗಿಯೇ ಹೇಳಿದರೆ ಎಲ್ಲಿಂದ ಬಂತೆಂಬ ಕಾಗದ ಕೇಳುವುದಿಲ್ಲ ಎಂದಿತು. 2022ರ ತಿದ್ದುಪಡಿ, 2024ರ ನಿಯಮಗಳು ಬಂದು ಈಗ ನೋಂದಣಿ ಕಡ್ಡಾಯ. ಗಡ್ಡದ ಓತಿಗೆ ನಾಲ್ಕು ತಲೆಮಾರು ಹಿಡಿದ ಶುದ್ಧೀಕರಣ ಇಲ್ಲಿ ಒಂದು ಆನ್‌ಲೈನ್ ಫಾರಂನಲ್ಲಿ ಮುಗಿಯಿತು. ಅತ್ತ 2023ರಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಬ್ಯಾಗುಗಳಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಸತ್ತುಹೋದ ಆರು ಕಪುಚಿನ್ ಕೋತಿಗಳು ಸಿಕ್ಕವು. ಆ 55 ಹಾವುಗಳಿಗೆ ಯಾವ ಊರಿನ ಯಾವ ಫ್ಲ್ಯಾಟಿನಲ್ಲಿ ಗಾಜಿನ ಪೆಟ್ಟಿಗೆ ಸಿದ್ಧವಾಗಿತ್ತು? ಕ್ರಿಸ್ಟಿಯಂಥವರು ಅದನ್ನು ಬೆನ್ನಟ್ಟಿ ಹೋಗುತ್ತಿದ್ದರು. ನಮ್ಮಲ್ಲಿ ಸುದ್ದಿ ಮರುದಿನಕ್ಕೇ ನಿಂತಿತು.

ಎರಡರಲ್ಲಿ ಒಂದನ್ನಷ್ಟೇ ಓದಲು ಪುರುಸೊತ್ತಿರುವವರು ಸ್ಮಿತ್ ಅವರದನ್ನು ಓದಿ. ಎರಡನ್ನೂ ಓದುವವರು ಕ್ರಿಸ್ಟಿಯಿಂದ ಶುರು ಮಾಡಿ. ಪರವಾನಗಿಯ ಆಟಗಳು ಅಲ್ಲೇ ಅರ್ಥವಾಗುವುದು, ಅದಿಲ್ಲದೆ ಹೋದರೆ ಮೋಲ್ಟ್ ಬರೀ ತಮಾಷೆಯ ಮನುಷ್ಯನಾಗಿ ಕಂಡುಬಿಡುತ್ತಾನೆ.